ಅಂಗೈ ಯಾಕೆ ಮುಂದಕ್ಕೆ?

ನಿಮ್ಮ ಹೆಬ್ಬೆರಳು ಇರೋದು ಮೈಯ ಕಡೆಗೋ, ಹೊರಗಡೆಗೋ?
ಕೈ ತಿರುಗಿಸಿ ನೋಡಿ.
ಉತ್ತರವೂ ತಿರುಗುತ್ತೆ!

ಹಾಗಾದ್ರೆ ಡಾಕ್ಟರು ಏನಂತ ಬರೀಬೇಕು?
ಅದಕ್ಕೇ ಎಲ್ಲರೂ ಒಪ್ಪಿಕೊಂಡ ಒಂದು ನಿಲುವಿದೆ.

ನೆಟ್ಟಗೆ ನಿಲ್ಲಿ.
ನೋಟ, ಕಾಲ್ಬೆರಳು ಎರಡೂ ಮುಂದಕ್ಕೆ.
ಕೈ ಇಳಿಬಿಡಿ.
ಥೇಟ್ ಶ್ರವಣಬೆಳಗೊಳದ ಗೊಮ್ಮಟ!
ಒಂದೇ ವ್ಯತ್ಯಾಸ, ಅಂಗೈ ಪೂರ್ತಿ ಮುಂದಕ್ಕೆ.

ಸ್ವಲ್ಪ ಬಿಗಿ ಅನ್ಸುತ್ತೆ, ಅಲ್ವಾ?
ಆದ್ರೆ ಈಗ ಮುಂಗೈಯ ಎರಡು ಮೂಳೆ ಅಕ್ಕಪಕ್ಕ ನೇರ.
ಅಂಗೈ ಹಿಂದಕ್ಕೆ ತಿರುಗಿಸಿದ್ರೆ,
ಒಂದು ಇನ್ನೊಂದನ್ನ ಅಡ್ಡ ದಾಟುತ್ತೆ.

ರೋಗಿ ಬೋರಲು ಮಲಗಿದ್ರೂ ಲೆಕ್ಕ ಇದೇ ನಿಲುವಿನದು.
ಎಡ, ಬಲ ರೋಗಿಯದು.
ನೋಡೋರದಲ್ಲ!

ಹಾಗಾಗಿ ಗೋವಾದ ಕುಡಚಡೆಯಲ್ಲಿ ಬರೆದ ರಿಪೋರ್ಟನ್ನ
ಹುಬ್ಬಳ್ಳಿಯಲ್ಲಿ ಓದಿದ್ರೂ
ಪೆಟ್ಟಾದ ಜಾಗ ಅದೇ.
ಆಪರೇಶನ್‌ಗೆ ಮುಂಚೆ ಮಾತ್ರ
ಎಡವೋ ಬಲವೋ ಅಂತ ಇನ್ನೊಮ್ಮೆ ಕೇಳಿ ಬಿಡಿ.