ಎರಡು ಗುಟ್ಟು, ಎರಡು ಸುಳಿವು

ಒಂಬತ್ತು ಮಾದಳ ಹಣ್ಣು, ಏಳು ಬೇಲದ ಹಣ್ಣು: ಎಲ್ಲ ಸೇರಿ ಬೆಲೆ 107. ಏಳು ಮಾದಳ, ಒಂಬತ್ತು ಬೇಲ ಕೊಂಡರೆ 101. ಹಾಗಾದರೆ ಒಂದು ಮಾದಳಕ್ಕೆಷ್ಟು, ಒಂದು ಬೇಲಕ್ಕೆಷ್ಟು?

ಈ ಪ್ರಶ್ನೆಗೆ ಸುಮಾರು ಸಾವಿರದ ಇನ್ನೂರು ವರ್ಷದ ವಯಸ್ಸು. ಇದು ಬರುವುದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ. ಕ್ರಿ.ಶ. 850ರ ಆಸುಪಾಸಿನಲ್ಲಿ ರಚನೆಯಾದ ಈ ಸಂಸ್ಕೃತ ಗ್ರಂಥದ ಮೊದಲಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಮಾಡುವಾಗ ಆಚಾರ್ಯರು ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಸಾಲಿನಲ್ಲಿ ಅಡುಗೆಯನ್ನೂ ಸೇರಿಸುತ್ತಾರೆ. ಲೆಕ್ಕವೆಂದರೆ ಬದುಕಿನಿಂದ ಹೊರಗಿನ ವಿದ್ಯೆ ಎಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಹಣ್ಣಿನ ಲೆಕ್ಕ ಬಿಡಿಸಲು ಪೆನ್ನೂ ಬೇಕಿಲ್ಲ. ಎರಡೂ ಖರೀದಿಯನ್ನು ಕೂಡಿಸಿದರೆ 16 ಮಾದಳ, 16 ಬೇಲ, ಒಟ್ಟು 208. ಅಂದರೆ ಒಂದು ಮಾದಳ, ಒಂದು ಬೇಲ ಸೇರಿ 13. ಈಗ ಒಂದರಿಂದ ಇನ್ನೊಂದನ್ನು ಕಳೆಯಿರಿ. ಎರಡು ಮಾದಳದ ಬೆಲೆ ಎರಡು ಬೇಲದ ಬೆಲೆಗಿಂತ 6 ಹೆಚ್ಚು. ಒಂದಕ್ಕೆ 3 ಹೆಚ್ಚು. ಕೂಡಿದರೆ 13, ಅಂತರ 3. ಮಾದಳ 8, ಬೇಲ 5.

ಆಚಾರ್ಯರು ಇಂಥ ಲೆಕ್ಕಗಳಿಗೆ ಒಂದು ಸೂತ್ರವನ್ನೇ ಕೊಟ್ಟಿದ್ದಾರೆ. ದೊಡ್ಡ ಮೊತ್ತವನ್ನು ದೊಡ್ಡ ಎಣಿಕೆಯಿಂದಲೂ ಸಣ್ಣ ಮೊತ್ತವನ್ನು ಸಣ್ಣ ಎಣಿಕೆಯಿಂದಲೂ ಗುಣಿಸಿ ಕಳೆಯಬೇಕು: 963ರಲ್ಲಿ 707 ಹೋದರೆ 256. ಅದನ್ನು ಎಣಿಕೆಗಳ ವರ್ಗಗಳ ವ್ಯತ್ಯಾಸದಿಂದ, ಅಂದರೆ 81ರಲ್ಲಿ 49 ಕಳೆದು ಉಳಿದ 32ರಿಂದ ಭಾಗಿಸಿದರೆ 8 ಸಿಗುತ್ತದೆ. ಇಂದು ಹತ್ತನೇ ತರಗತಿಯ ಮಕ್ಕಳು ‘ರೇಖಾತ್ಮಕ ಸಮೀಕರಣಗಳ ಜೋಡಿ’ ಎಂದು ಓದುವುದು ಇದನ್ನೇ. ಮಾದಳದ ಜಾಗಕ್ಕೆ ಎಕ್ಸ್ ಬಂದಿದೆ, ಬೇಲದ ಜಾಗಕ್ಕೆ ವೈ.

ಮಕ್ಕಳು ಎಡವುವುದು ಕೂಡುವ, ಕಳೆಯುವ ಹಂತದಲ್ಲಿ ಅಲ್ಲ. ಸಮೀಕರಣ ಬರೆದುಕೊಟ್ಟರೆ ಸಲೀಸಾಗಿ ಬಿಡಿಸುವ ಹುಡುಗಿಯೇ ಅದನ್ನು ನಾಲ್ಕು ಸಾಲಿನ ಕಥೆಯಾಗಿ ಕೇಳಿದಾಗ ಪೆನ್ನು ಕೆಳಗಿಡುತ್ತಾಳೆ. ಗೊತ್ತಿಲ್ಲದಿರುವುದು ಏನೇನು, ಅದರ ಬಗ್ಗೆ ಗೊತ್ತಿರುವ ಮಾತು ಎಷ್ಟು ಎಂದು ಕೇಳಿಕೊಳ್ಳುವ ಅಭ್ಯಾಸ ಅವಳಿಗೆ ಆಗಿರುವುದಿಲ್ಲ. ನಿಜವಾದ ಕೆಲಸ ಇರುವುದು ಆ ಎರಡು ಪ್ರಶ್ನೆಗಳಲ್ಲಿ. ಗುಟ್ಟು ಎರಡಿದ್ದರೆ ಸುಳಿವೂ ಎರಡು ಬೇಕು, ಮೂರಿದ್ದರೆ ಮೂರು.

ಮದುವೆ ಮನೆಯನ್ನೇ ನೋಡಿ. ಅಡುಗೆಯವರು 200 ಎಲೆಗೆ 42,000 ರೂಪಾಯಿ, 300 ಎಲೆಗೆ 58,000 ರೂಪಾಯಿ ಹೇಳಿದರು ಎಂದಿಟ್ಟುಕೊಳ್ಳಿ. ಈ ಮೊತ್ತದಲ್ಲಿ ಎರಡು ಭಾಗ ಅಡಗಿದೆ: ಪಾತ್ರೆ, ಸಾಗಣೆ, ಆಳುಗಳ ಖರ್ಚಿನ ಒಂದು ನಿಗದಿ ಮೊತ್ತ, ಆಮೇಲೆ ಎಲೆಗೆ ಇಷ್ಟು ಎಂಬ ದರ. ನೂರು ಎಲೆ ಹೆಚ್ಚಾದಾಗ 16,000 ಹೆಚ್ಚಾಯಿತು. ಎಲೆಗೆ 160. ಇನ್ನೂರು ಎಲೆಗೆ 32,000 ಆದರೆ ಉಳಿದ 10,000 ನಿಗದಿ ಖರ್ಚು. ಇಷ್ಟು ಗೊತ್ತಾದ ಮೇಲೆ 250 ಎಲೆಗೆ 50,000 ಆಗಬೇಕು ಎಂದು ಹೆಣ್ಣಿನ ತಂದೆ ತಾವೇ ಹೇಳಬಲ್ಲರು. ಅಡುಗೆಯವರು 54,000 ಎಂದರೆ ಕಾರಣ ಕೇಳಲು ಅವರ ಕೈಯಲ್ಲಿ ಆಧಾರವಿರುತ್ತದೆ.

ಎಲ್ಲ ಸುಳಿವೂ ಸುಳಿವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎರಡು ಇಡ್ಲಿ, ಒಂದು ವಡೆಗೆ 60 ರೂಪಾಯಿ; ನಾಲ್ಕು ಇಡ್ಲಿ, ಎರಡು ವಡೆಗೆ 120. ನೋಡಲು ಎರಡು ಮಾತು, ಹೇಳುತ್ತಿರುವುದು ಒಂದೇ. ಎಷ್ಟು ತಿಣುಕಿದರೂ ವಡೆಯ ಬೆಲೆ ಹೊರಬೀಳುವುದಿಲ್ಲ. ಎರಡನೇ ಬಿಲ್ಲು 130 ಎಂದಿದ್ದರೆ ಲೆಕ್ಕಕ್ಕೆ ಉತ್ತರವೇ ಇಲ್ಲ. ಅಲ್ಲಿ ತಿದ್ದಬೇಕಾದದ್ದು ಬಿಲ್ಲನ್ನು.

ಈ ವಿದ್ಯೆ ಅತ್ಯಂತ ತುರ್ತಾಗಿ ಬೇಕಿರುವುದು ಹೊಲದಲ್ಲಿ. ಡಿಎಪಿ ಗೊಬ್ಬರದ ಚೀಲದ ಮೇಲೆ 18-46-0 ಎಂದು ಅಚ್ಚಾಗಿರುತ್ತದೆ: ನೂರು ಕಿಲೋದಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕ, ಪೊಟ್ಯಾಷ್ ಇಲ್ಲ. ಯೂರಿಯಾದಲ್ಲಿ ಇರುವುದು ಸಾರಜನಕ ಮಾತ್ರ, ನೂರಕ್ಕೆ 46. ಒಬ್ಬ ರೈತನ ಹೊಲಕ್ಕೆ 64 ಕಿಲೋ ಸಾರಜನಕ, 46 ಕಿಲೋ ರಂಜಕ ಬೇಕಿದೆ ಎನ್ನೋಣ. ಡಿಎಪಿ ಎಷ್ಟು, ಯೂರಿಯಾ ಎಷ್ಟು? ಇಲ್ಲೂ ಗುಟ್ಟು ಎರಡು, ಸುಳಿವು ಎರಡು. ಆದರೆ ಒಂದು ಸುಳಿವು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇವೆರಡರಲ್ಲಿ ರಂಜಕ ಇರುವುದು ಡಿಎಪಿಯಲ್ಲಿ ಮಾತ್ರ, ಆದ್ದರಿಂದ 46 ಕಿಲೋ ರಂಜಕಕ್ಕೆ 100 ಕಿಲೋ ಡಿಎಪಿ, ಅಂದರೆ 50 ಕಿಲೋದ ಎರಡು ಚೀಲ. ಅದರ ಜೊತೆಗೇ 18 ಕಿಲೋ ಸಾರಜನಕವೂ ಹೊಲಕ್ಕೆ ಬಂತು. ಉಳಿದ 46 ಕಿಲೋಗೆ 100 ಕಿಲೋ ಯೂರಿಯಾ ಸಾಕು.

ತಪ್ಪುವುದು ಈ 18ರಲ್ಲಿ. ಡಿಎಪಿಯೊಳಗಿನ ಸಾರಜನಕವನ್ನು ಮರೆತು 64 ಕಿಲೋ ಪೂರ್ತಿಯನ್ನು ಯೂರಿಯಾದಿಂದಲೇ ತುಂಬಲು ಹೊರಟರೆ 139 ಕಿಲೋ ಬೇಕಾಗುತ್ತದೆ. 39 ಕಿಲೋ ಹೆಚ್ಚು. ಯೂರಿಯಾ ಚೀಲ ಈಗ 45 ಕಿಲೋದ್ದು; ಹೆಚ್ಚುಕಡಿಮೆ ಒಂದು ಚೀಲವೇ ಹೆಚ್ಚಾಗಿ ಬಿತ್ತು. ದುಡ್ಡು ಹೋದದ್ದು ಒಂದು ಕಡೆ. ಸಾರಜನಕ ಅತಿಯಾದ ಭತ್ತ ಕಡುಹಸಿರಾಗಿ, ಮೆತ್ತಗೆ ಬೆಳೆದು ಗಾಳಿಗೆ ನೆಲಕ್ಕೊರಗುತ್ತದೆ, ರೋಗ-ಕೀಟಗಳಿಗೂ ಸುಲಭದ ತುತ್ತಾಗುತ್ತದೆ. ಪೈರು ಹೀರದೆ ಉಳಿದದ್ದರಲ್ಲಿ ಒಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಬರೀ ಒಂದು ಕಳೆಯುವ ಲೆಕ್ಕ ಬಿಟ್ಟುಹೋದದ್ದಕ್ಕೆ ಇಷ್ಟೆಲ್ಲ.

ಹಳ್ಳಿಯ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಹತ್ತನೇ ತರಗತಿಯ ಗಣಿತ ಪುಸ್ತಕವೂ ಇದೆ, ಹೊಲಕ್ಕೆ ಯಾವ ಪೋಷಕಾಂಶ ಎಷ್ಟು ಬೇಕೆಂದು ಹೇಳುವ ಮಣ್ಣು ಆರೋಗ್ಯ ಚೀಟಿಯೂ ಇದೆ. ಒಂದು ಮಗುವಿನ ಚೀಲದಲ್ಲಿ, ಇನ್ನೊಂದು ಅಪ್ಪನ ಬೀರುವಿನಲ್ಲಿ. ಈ ಸಲ ಗೊಬ್ಬರದ ಅಂಗಡಿಗೆ ಹೊರಡುವ ಮುನ್ನ ಆ ಚೀಟಿಯನ್ನು ಮಗುವಿನ ಮುಂದಿಟ್ಟು, ಎಷ್ಟು ಡಿಎಪಿ, ಎಷ್ಟು ಯೂರಿಯಾ ತರಬೇಕು ಎಂದು ಕೇಳಿ.