ನಿಮಗಿದು ಗೊತ್ತೆ? ಸದಾಶಿವನಗರದ ಸದಾಶಿವ ಯಾರು?

ಬೆಂಗಳೂರಿನ ಸದಾಶಿವನಗರದಲ್ಲಿ ಸೈಟಿನ ರೇಟು ಕೇಳಿದರೆ ತಲೆ ಗಿರ್ರೆನ್ನುತ್ತದೆ. ಮಂತ್ರಿಗಳು, ಸಿನಿಮಾ ತಾರೆಯರು, ಉದ್ಯಮಿಗಳ ಬಂಗಲೆಗಳಿರುವ ಈ ಬಡಾವಣೆಗೆ ಹಿಂದೆ ಪ್ಯಾಲೇಸ್ ಆರ್ಚರ್ಡ್ಸ್ ಎಂಬ ಹೆಸರಿತ್ತು. ಈಗಿನ ಹೆಸರು ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವರಾಯರದು. ಸಿರಿವಂತ ಮನೆತನದಲ್ಲಿ ಹುಟ್ಟಿ, ಆಸ್ತಿಯನ್ನೆಲ್ಲ ಚಳವಳಿಗೂ ಸಮಾಜಸೇವೆಗೂ ಸುರಿದ ಅವರು 1937ರಲ್ಲಿ ತೀರಿಕೊಂಡಾಗ ಕೈ ಬರಿದಾಗಿತ್ತು. ಇಂದು ಬದುಕಿದ್ದರೆ ತಮ್ಮದೇ ಹೆಸರಿನ ಬಡಾವಣೆಯಲ್ಲಿ ಅವರಿಗೊಂದು ಬಾಡಿಗೆ ಕೋಣೆಯೂ ಗಿಟ್ಟುತ್ತಿರಲಿಲ್ಲವೇನೋ!

ಇಲ್ಲಿನ ಮನೆಗಳಿಗೆ ‘ಲೇಕ್ ವ್ಯೂ’ ಎಂದು ಬ್ರೋಕರುಗಳು ಬೆಲೆ ಏರಿಸುವುದು ಪಕ್ಕದ ಸ್ಯಾಂಕಿ ಕೆರೆಯನ್ನು ತೋರಿಸಿ. ನಗರಕ್ಕೆ ನೀರೊದಗಿಸಲು ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆಯಿದು. ಹತ್ತಿರದಲ್ಲೇ ಸರ್ಕಾರಿ ಶ್ರೀಗಂಧದ ಕೋಠಿ ಇದ್ದುದರಿಂದ ಹಳಬರ ಬಾಯಲ್ಲಿ ಇದು ಗಂಧದಕೋಠಿ ಕೆರೆ.