ಆವತಿ ಕ್ರಾಸಿಗೊಂದು ಕ್ಯಾಮೆರಾ: ಪೊಲೀಸರ ಸಲಕರಣೆಗೆ ಸರ್ಕಾರಿ ದುಡ್ಡು ಬರುವ ದಾರಿ

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 44ರ ಮಗ್ಗುಲಲ್ಲಿ ಆವತಿ ಸಿಗುತ್ತದೆ. ಕೆಂಪೇಗೌಡರ ಪೂರ್ವಜರು ಬಂದು ನೆಲೆಸಿದ ಊರು. ಈಗ ಹಗಲೂ ರಾತ್ರಿ ಲಾರಿಗಳ ಓಡಾಟ, ಶನಿವಾರ ಭಾನುವಾರ ಬಂದರೆ ನಂದಿ ಬೆಟ್ಟಕ್ಕೆ ಹೊರಟವರ ಬೈಕು ಕಾರುಗಳ ಸಾಲು. ಇಂಥ ಹೆದ್ದಾರಿ ಊರುಗಳಲ್ಲಿ ಯಾರದೋ ಬೈಕು ಕಳುವಾದರೆ, ಯಾರಿಗೋ ವಾಹನ ಗುದ್ದಿ ಪರಾರಿಯಾದರೆ ಕೇಳಿಬರುವ ಮಾತು ಒಂದೇ: “ಒಂದು ಕ್ಯಾಮೆರಾ ಇದ್ದಿದ್ರೆ ಗೊತ್ತಾಗ್ತಿತ್ತು. ಪೊಲೀಸ್ನೋರಿಗೆ ಸರ್ಕಾರ ದುಡ್ಡು ಕೊಡಲ್ವಾ?”

ಕೊಡುತ್ತದೆ. ಆದರೆ ಆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ಅದರಲ್ಲಿ ನೀವು ಕೇಳಬಹುದಾದದ್ದು ಎಷ್ಟು ಎಂಬುದನ್ನು ತಿಳಿದುಕೊಂಡರೆ ಅರ್ಜಿ ಹಿಡಿದು ತಪ್ಪು ಬಾಗಿಲು ತಟ್ಟುವುದು ತಪ್ಪುತ್ತದೆ.

ಮೊದಲಿಗೆ, ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ಸಂಬಳ, ಜೀಪು, ಡೀಸೆಲ್, ಠಾಣೆಯ ಕಟ್ಟಡ ಎಲ್ಲವೂ ಮುಖ್ಯವಾಗಿ ರಾಜ್ಯದ ಗೃಹ ಇಲಾಖೆಯ ಬಜೆಟ್‌ನಿಂದಲೇ ನಡೆಯಬೇಕು. ಕೇಂದ್ರ ಅದರ ಮೇಲೆ ಒಂದಿಷ್ಟು ಅನುದಾನ ಸೇರಿಸುತ್ತದೆ. ಇದರಲ್ಲಿ ಹಳೆಯದು ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ. 1969-70ರಿಂದ ನಡೆದುಬಂದಿದೆ. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಈ ಹೆಸರಿನ ಒಟ್ಟು ಯೋಜನೆಗೆ ಕೇಂದ್ರ ಇಟ್ಟ ಮೊತ್ತ 26,275 ಕೋಟಿ ರೂಪಾಯಿ. ದೊಡ್ಡ ಅಂಕಿಗೆ ಬೆರಗಾಗಬೇಡಿ. ಅದರಲ್ಲಿ ರಾಜ್ಯಗಳ ಪೊಲೀಸರ ಆಧುನೀಕರಣಕ್ಕೆಂದೇ ತೆಗೆದಿಟ್ಟದ್ದು 4,846 ಕೋಟಿ. ಅದೂ ಇಡೀ ದೇಶಕ್ಕೆ, ಐದು ವರ್ಷಕ್ಕೆ. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ್ದು 60 ರೂಪಾಯಿಯಾದರೆ ರಾಜ್ಯ 40 ಹಾಕಬೇಕು.

ಈ ಹಣಕ್ಕೆ ಠಾಣೆಯ ಇನ್‌ಸ್ಪೆಕ್ಟರ್ ಅರ್ಜಿ ಹಾಕುವಂತಿಲ್ಲ, ಊರಿನವರಂತೂ ಇಲ್ಲವೇ ಇಲ್ಲ. ಠಾಣೆಯ ಬೇಡಿಕೆ ಜಿಲ್ಲೆಯ ಎಸ್‌ಪಿಗೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿನ ಪೊಲೀಸ್ ಪ್ರಧಾನ ಕಚೇರಿಗೆ. ಅಲ್ಲಿ ಇಡೀ ರಾಜ್ಯಕ್ಕೆ ಒಂದು ವಾರ್ಷಿಕ ಕ್ರಿಯಾ ಯೋಜನೆ ತಯಾರಾಗುತ್ತದೆ. ಮುಖ್ಯ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ ಅದನ್ನು ನೋಡಿ ಕೇಂದ್ರ ಗೃಹ ಸಚಿವಾಲಯಕ್ಕೆ ಕಳಿಸುತ್ತದೆ. ಮಂಜೂರಾಗಿ, ಟೆಂಡರ್ ಆಗಿ, ಸಾಮಾನು ಬಂದಮೇಲೆ “ಕೊಟ್ಟ ಹಣವನ್ನು ಕೊಟ್ಟ ಕೆಲಸಕ್ಕೇ ಬಳಸಿದ್ದೇವೆ” ಎಂಬ ಬಳಕೆ ಪ್ರಮಾಣಪತ್ರ ಹೋಗಬೇಕು. ಕಚೇರಿಗಳಲ್ಲಿ ಇದನ್ನು ಯುಸಿ ಎನ್ನುತ್ತಾರೆ. ಹಳೆಯ ಯುಸಿ ಬಾಕಿ ಇದ್ದರೆ ಹೊಸ ಕಂತು ಕೂತಲ್ಲೇ ಕೂರುತ್ತದೆ. ಬೇರೆ ಬೇರೆ ರಾಜ್ಯಗಳ ಲೆಕ್ಕ ನೋಡಿದ ಮಹಾಲೇಖಪಾಲರ ವರದಿಗಳಲ್ಲಿ ಆಧುನೀಕರಣದ ಹಣ ಪೂರ್ತಿ ಖರ್ಚಾಗಲಿಲ್ಲ ಎಂಬ ಆಕ್ಷೇಪ ಮತ್ತೆ ಮತ್ತೆ ಬಂದಿದೆ. ಆದ್ದರಿಂದ “ದುಡ್ಡಿಲ್ಲ” ಎಂಬ ಉತ್ತರ ಬಂದಾಗ, ಇದ್ದ ದುಡ್ಡು ಖರ್ಚಾಗಿದೆಯೇ ಎಂದು ಕೇಳುವುದು ತಪ್ಪಲ್ಲ.

ಎರಡನೆಯದು ನಿರ್ಭಯಾ ನಿಧಿ, ಮಹಿಳೆಯರ ಸುರಕ್ಷತೆಗಾಗಿ ಕೇಂದ್ರ ಇಟ್ಟಿರುವ ಹಣ. 112ಕ್ಕೆ ಕರೆ ಮಾಡಿದರೆ ಬರುವ ತುರ್ತು ಸ್ಪಂದನೆ ವ್ಯವಸ್ಥೆಗೂ ಇದರ ನೆರವಿದೆ. ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ತೆರೆಯಲು ದೇಶದ 10,000 ಠಾಣೆಗಳಿಗೆಂದು ಇದರಿಂದ 100 ಕೋಟಿ ಕೊಟ್ಟರು. ಭಾಗಿಸಿ ನೋಡಿ, ಠಾಣೆಗೆ ಒಂದು ಲಕ್ಷ. ಮೇಜು, ಕುರ್ಚಿ, ಕಂಪ್ಯೂಟರ್‌ಗೆ ಸಾಕು. ಆ ಕುರ್ಚಿಯಲ್ಲಿ ಕೂರುವ ಮಹಿಳಾ ಕಾನ್‌ಸ್ಟೆಬಲ್‌ನ ಸಂಬಳ ಮಾತ್ರ ರಾಜ್ಯದ್ದೇ. ಸರ್ಕಾರಿ ಅನುದಾನದ ಸ್ವಭಾವವೇ ಹೀಗೆ: ಕೊಳ್ಳುವುದಕ್ಕೆ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದು ಕಷ್ಟ. ಕ್ಯಾಮೆರಾದ ವಿಷಯಕ್ಕೆ ಬಂದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ದೇವನಹಳ್ಳಿ ತಾಲ್ಲೂಕಿನವರು ಇನ್ನೊಂದು ಸಂಗತಿ ಗಮನಿಸಬೇಕು. ತಾಲ್ಲೂಕು ಒಂದೇ ಆದರೂ ಪೊಲೀಸ್ ವ್ಯವಸ್ಥೆ ಎರಡು. ದೇವನಹಳ್ಳಿ ಠಾಣೆ ಬೆಂಗಳೂರು ನಗರ ಪೊಲೀಸ್ ಆಯುಕ್ತರ ಕೆಳಗೆ, ವಿಜಯಪುರ ಠಾಣೆ ಜಿಲ್ಲಾ ಎಸ್‌ಪಿ ಕೆಳಗೆ. ಇದರಿಂದ ಏನಾಗುತ್ತದೆ? ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆ, ಅಂದರೆ ನಗರ ಸುರಕ್ಷತಾ ಯೋಜನೆ, ದೇಶದ ಎಂಟು ನಗರಗಳಿಗೆ ಸಿಕ್ಕಿತು. ಬೆಂಗಳೂರಿಗೆ ಮಂಜೂರಾದದ್ದು 667 ಕೋಟಿ. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಬಂದವು. ಹಳ್ಳಿಯ ಕ್ರಾಸಿಗೆ ಅಂಥ ಯೋಜನೆ ಇಲ್ಲ. ಹಾಗಾಗಿ ಮನವಿ ಬರೆಯುವ ಮುಂಚೆ ನಿಮ್ಮ ಊರು ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆ ಎಂದು ಬೀಟ್ ಪೊಲೀಸರನ್ನೇ ಕೇಳಿಕೊಳ್ಳಿ. (ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈ 2ರಂದು ನಂದಿ ಬೆಟ್ಟದ ಮೇಲೆ ನಡೆದ ಸಂಪುಟ ಸಭೆ ಒಪ್ಪಿತು. ಹೆಸರು ಬದಲಾದರೂ ಕೇಳಬೇಕಾದ ಕಚೇರಿ ಬದಲಾಗುವುದಿಲ್ಲ.)

ಹಾಗಾದರೆ ಆವತಿಯಂಥ ಊರಿಗೆ ಕ್ಯಾಮೆರಾ ಹೇಗೆ? ಇಲ್ಲಿ ನಿಮ್ಮ ಕೈಗೆ ಎಟುಕುವುದು ಗ್ರಾಮ ಪಂಚಾಯಿತಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಮುಟ್ಟುವಂತಿಲ್ಲ. ಉಳಿದ 40 ಭಾಗ ಮುಕ್ತ ನಿಧಿ, ಊರಿನ ಅಗತ್ಯಕ್ಕೆ ಬಳಸುವಂಥದ್ದು. ಸಂಬಳಕ್ಕೆ ಮಾತ್ರ ಕೂಡದು. ಇದರ ಜೊತೆ ಪಂಚಾಯಿತಿಯ ಸ್ವಂತ ತೆರಿಗೆ ಹಣವೂ ಇದೆ. ಆ ಆಯೋಗದ ಅವಧಿ 2025-26ರವರೆಗಿನದು, ಆಮೇಲಿನ ವರ್ಷಗಳ ಷರತ್ತನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಬಳಿ ಕೇಳಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೂ ಒಂದು ದಾರಿ, ಶಾಸಕರಿಗೆ ವರ್ಷಕ್ಕೆ 2 ಕೋಟಿ. ಅವರು ಶಿಫಾರಸು ಮಾಡಬೇಕು, ಮಂಜೂರಾತಿ ಜಿಲ್ಲಾಧಿಕಾರಿ ಕಚೇರಿಯಿಂದ. ಅದು ಇರುವುದು ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ.

ಪಂಚಾಯಿತಿಯಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ವಾರ್ಡ್ ಸಭೆಯಲ್ಲಿ ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಅಲ್ಲಿಂದ ಗ್ರಾಮಸಭೆಗೆ, ಗ್ರಾಮಸಭೆಯಿಂದ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ. ಯೋಜನೆಯಲ್ಲಿ ಸೇರದ ಕೆಲಸಕ್ಕೆ ಹಣ ಹುಟ್ಟುವುದಿಲ್ಲ. ಸೇರಿದೆಯೋ ಇಲ್ಲವೋ ಎಂದು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಮೊಬೈಲಲ್ಲೇ ನೋಡಬಹುದು.

ಇನ್ನು ಸಾಮಾನಿನ ವಿಷಯ. ಅಂಗಡಿಯವರು “ಎರಡು ಮೆಗಾಪಿಕ್ಸೆಲ್, ಸೂಪರ್ ಕ್ಲಾರಿಟಿ ಸಾರ್” ಎನ್ನುತ್ತಾರೆ. ಕ್ರಾಸಿನಲ್ಲಿ ಯಾರು ನಿಂತಿದ್ದರು ಎಂದು ನೋಡಲು ಅದು ಸಾಕು. ಆದರೆ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ವೇಗವಾಗಿ ಹೋಗುವ ಕಾರಿನ ನಂಬರ್ ಪ್ಲೇಟ್ ಅದರಲ್ಲಿ ಬಿಳಿ ಚೌಕವಾಗಿ ಕಾಣುತ್ತದೆ, ಅಷ್ಟೇ. ಸಾಮಾನ್ಯ ಕ್ಯಾಮೆರಾದ 2.8 ಮಿ.ಮೀ. ಲೆನ್ಸ್ ಅಗಲವಾದ ನೋಟಕ್ಕೆ ಮಾಡಿದ್ದು. ಪ್ಲೇಟು ಓದಲು ಉದ್ದ ನೋಟದ ಲೆನ್ಸ್, ಚುರುಕು ಶಟರ್ ಇರುವ ಬೇರೆ ಕ್ಯಾಮೆರಾ ಬೇಕು. ಒಂದು ಅಗಲ ನೋಟದ್ದು, ಒಂದು ಪ್ಲೇಟು ಓದುವುದು, ಹೀಗೆ ಜೋಡಿಯಾಗಿ ಕೇಳಿ. ಎಂಟು ಕ್ಯಾಮೆರಾ ಹಾಕಿ ಒಂದರಲ್ಲೂ ನಂಬರ್ ಕಾಣದಿರುವುದಕ್ಕಿಂತ ಇದು ಮೇಲು.

ದೃಶ್ಯ ತುಂಬಿಡುವ ಪೆಟ್ಟಿಗೆಗೆ ಎನ್‌ವಿಆರ್ ಎನ್ನುತ್ತಾರೆ. ಅದರ ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದಿರಬೇಕು? ಲೆಕ್ಕ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 21.6 ಜಿಬಿ, 30 ದಿನಕ್ಕೆ 650 ಜಿಬಿ. ನಾಲ್ಕು ಕ್ಯಾಮೆರಾಗೆ 2.6 ಟಿಬಿ ಆಯಿತು. ಅಂದರೆ 4 ಟಿಬಿ ಡಿಸ್ಕ್ ಹಾಕಿಸಿ. 1 ಟಿಬಿ ಹಾಕಿ ಬಿಲ್ ಮಾಡಿದರೆ ಒಂದೂವರೆ ವಾರಕ್ಕೇ ಹಳೆಯದು ಅಳಿಸಿಹೋಗುತ್ತದೆ. ದೂರು ಕೊಡುವಷ್ಟರಲ್ಲಿ ಸಾಕ್ಷಿ ಇರುವುದಿಲ್ಲ. 30 ದಿನ ಎಂಬುದನ್ನು ಸುಮ್ಮನೆ ಹೇಳಿದ್ದಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017 ಜನ ಸೇರುವ ಕಲ್ಯಾಣ ಮಂಟಪ, ಅಂಗಡಿ ಸಂಕೀರ್ಣದಂಥ ಕಡೆ ಇಷ್ಟು ದಿನ ದೃಶ್ಯ ಉಳಿಸಬೇಕು ಎನ್ನುತ್ತದೆ. ನಿಮ್ಮ ಕ್ರಾಸಿಗೆ ಮುಖಮಾಡಿದ ಅಂಥ ಜಾಗಗಳಲ್ಲಿ ಆಗಲೇ ಕ್ಯಾಮೆರಾ ಇರಬಹುದು, ಮೊದಲು ಅದನ್ನು ನೋಡಿ.

ಒಂದೇ ತಂತಿಯಲ್ಲಿ ಕರೆಂಟೂ ಚಿತ್ರವೂ ಹೋಗುವ ವ್ಯವಸ್ಥೆಗೆ ಪಿಒಇ ಎಂದು ಹೆಸರು. ಅದರ ತಂತಿಯ ಮಿತಿ 100 ಮೀಟರ್. ಕಂಬ ಅದಕ್ಕಿಂತ ದೂರವಾದರೆ ಫೈಬರ್ ಎಳೆಯಬೇಕು, ಖರ್ಚು ಏರುತ್ತದೆ. ಹೆದ್ದಾರಿಯ ಜಾಗದಲ್ಲಿ ಕಂಬ ನೆಡಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು; ಪಂಚಾಯಿತಿ ರಸ್ತೆಯ ಅಂಚಿನಲ್ಲೇ ನೆಟ್ಟರೆ ಆ ತಾಪತ್ರಯ ಇಲ್ಲ. 2025ರ ಏಪ್ರಿಲ್‌ನಿಂದ ಮಾರಾಟವಾಗುವ ಕ್ಯಾಮೆರಾಗಳು ಕೇಂದ್ರ ಸರ್ಕಾರದ ಸುರಕ್ಷತಾ ಮಾನದಂಡ ದಾಟಿರಬೇಕು. ಅದನ್ನು ತೋರಿಸುವ ಎಸ್‌ಟಿಕ್ಯುಸಿ ಪ್ರಮಾಣಪತ್ರ ಕೊಡಿ ಎಂದು ಕೇಳಿ. ಹಳೆಯ ದಾಸ್ತಾನು ತಂದು ಸುರಿಯುವವರು ಅಲ್ಲೇ ಗೊತ್ತಾಗುತ್ತಾರೆ.

ಬೆಲೆ ಎಷ್ಟು? ಸಾಮಾನ್ಯ ಕ್ಯಾಮೆರಾ ಕೆಲವೇ ಸಾವಿರಕ್ಕೆ ಸಿಗುತ್ತದೆ. ಡಿಸ್ಕ್, ಎನ್‌ವಿಆರ್, ಯುಪಿಎಸ್, ಕಂಬ, ತಂತಿ ಸೇರಿದಾಗ ಕ್ಯಾಮೆರಾದ ಬೆಲೆಯೇ ಒಟ್ಟು ಬಿಲ್ಲಿನಲ್ಲಿ ಚಿಕ್ಕ ಪಾಲಾಗುತ್ತದೆ. ಪ್ಲೇಟು ಓದುವುದು ಇನ್ನೂ ದುಬಾರಿ. ಸಿಡಿಲಿಗೆ ಸುಡದಂತೆ ಸರ್ಜ್ ರಕ್ಷಣೆ, ಅಂದರೆ ಏಕಾಏಕಿ ನುಗ್ಗುವ ಕರೆಂಟನ್ನು ತಡೆಯುವ ಸಾಧನ, ಬಿಲ್ಲಿನಲ್ಲಿ ಇದೆಯೇ ನೋಡಿ. ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋಗುವುದು ಮುಂದಿನ ವರ್ಷಗಳ ಖರ್ಚು: ಬೆಸ್ಕಾಂ ಬಿಲ್, ಇಂಟರ್ನೆಟ್, ಯುಪಿಎಸ್ ಬ್ಯಾಟರಿ, ಲೆನ್ಸಿನ ಮೇಲಿನ ಜೇಡರ ಬಲೆ ತೆಗೆಯುವ ಕೂಲಿ. ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ, ಟೆಂಡರ್‌ನಲ್ಲೇ ಕನಿಷ್ಠ ಮೂರು ವರ್ಷಕ್ಕೆ ಸೇರಿರಲಿ. ಉದ್ಘಾಟನೆಯ ರಿಬ್ಬನ್ ಮಾಸುವ ಮುಂಚೆ ಕುರುಡಾದ ಕ್ಯಾಮೆರಾಗಳನ್ನು ರಾಜ್ಯದ ಯಾವ ಹೆದ್ದಾರಿಯಲ್ಲಾದರೂ ನೋಡಬಹುದು.

“ಊರಿನ ದೊಡ್ಡವರೊಬ್ಬರು ಠಾಣೆಗೇ ಕ್ಯಾಮೆರಾ, ಬೈಕು ಕೊಡಿಸ್ತಾರಂತೆ, ಬೇಡವಾ?” ಎಂದು ಕೇಳಬಹುದು. ನನ್ನ ಮಟ್ಟಿಗೆ, ಕ್ವಾರಿಯವರಿಂದಲೋ ಲೇಔಟ್ ಮಾಡುವವರಿಂದಲೋ ಠಾಣೆ ನೇರವಾಗಿ ಉಡುಗೊರೆ ಪಡೆಯುವುದು ಒಳ್ಳೆಯದಲ್ಲ. ನಾಳೆ ಅವರ ಮೇಲೇ ದೂರು ಬಂದರೆ? ಕೊಡುವವರು ಎಸ್‌ಪಿ ಅಥವಾ ಆಯುಕ್ತರ ಕಚೇರಿಗೆ ಬರೆದು ಕೊಡಲಿ, ಸಾಮಾನು ಆಸ್ತಿ ರಿಜಿಸ್ಟರ್‌ನಲ್ಲಿ ದಾಖಲಾಗಲಿ.

ದೃಶ್ಯ ಯಾರು ನೋಡಬಹುದು ಎಂಬುದನ್ನೂ ಪಂಚಾಯಿತಿ ನಿರ್ಣಯದಲ್ಲೇ ಬರೆಸಿ. ಸದಸ್ಯರೆಲ್ಲರ ಮೊಬೈಲಿಗೂ ಲೈವ್ ಕೊಟ್ಟರೆ ಹೆಣ್ಣುಮಕ್ಕಳ ಓಡಾಟ ಊರಿನ ಹರಟೆಗೆ ವಸ್ತುವಾಗುತ್ತದೆ. ಪಾಸ್‌ವರ್ಡ್ ಒಬ್ಬ ಜವಾಬ್ದಾರರ ಬಳಿ ಇರಲಿ, ಪೊಲೀಸರು ಬರೆದು ಕೇಳಿದಾಗ ಕೊಡಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದೃಶ್ಯದ ಜೊತೆ ಒಂದು ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕುವವರು ಯಾರೆಂದು ಮೊದಲೇ ಗೊತ್ತಿರಬೇಕು. ವಾಟ್ಸಾಪ್‌ನಲ್ಲಿ ಹರಿದಾಡಿದ ತುಣುಕನ್ನು ತಂದುಕೊಟ್ಟರೆ ನ್ಯಾಯಾಲಯದಲ್ಲಿ ತೊಡಕಾಗುತ್ತದೆ.

ಹಣ ಎಲ್ಲಿ ಹೋಯಿತೆಂಬ ಅನುಮಾನವಿದ್ದರೆ ಪಂಚಾಯಿತಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಎಲ್ಲರೆದುರು ಕೇಳಬಹುದು. ಪೊಲೀಸ್ ಇಲಾಖೆಯದನ್ನು ಮಾಹಿತಿ ಹಕ್ಕಿನಡಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ನಿಮಗೆ ಬೇಕಾದ ವರ್ಷದಲ್ಲಿ ಠಾಣೆಗೆ ಬಂದ ಸಲಕರಣೆಗಳ ಪಟ್ಟಿಗೆ ಒಂದು ಅರ್ಜಿ, ಅವುಗಳ ನಿರ್ವಹಣಾ ಒಪ್ಪಂದಕ್ಕೆ ಇನ್ನೊಂದು ಅರ್ಜಿ ಹಾಕಿ.